ಏರುವವ ಬೆರಳು, ಇಳಿಯುವವ ತಲೆ: ದೇವಿಮನೆ ಘಟ್ಟದ ನನ್ನ ಅನುಭವ

ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಈಗ ಬೈಕ್, ಸ್ಕೂಟರಿನವರು ಎದುರಾದರೆ ಸುಮ್ಮನೆ ಹಾದು ಹೋಗುವುದಿಲ್ಲ. ಏರುವವ ಎಡಗೈಯ ನಾಲ್ಕು ಬೆರಳು ಎತ್ತುತ್ತಾನೆ. ಇಳಿಯುವವ ತಲೆ ಬಗ್ಗಿಸುತ್ತಾನೆ. ಮುಂದೆ ತೊಂದರೆ ಇದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಎಲ್ಲರೂ ಮಾಡುತ್ತಾರೆ ಅಂತ ಹೇಳುವುದಿಲ್ಲ. ಆದರೆ ಘಟ್ಟದ ಮೇಲಿನ ರಾಗಿಹೊಸಳ್ಳಿಯಿಂದ ಕೆಳಗಿನ ಕತಗಾಲದವರೆಗೆ ದಿನಾ ಓಡಾಡುವವರಲ್ಲಿ ಹತ್ತಕ್ಕೆ ಆರೇಳು ಮಂದಿ ಖಂಡಿತ ಮಾಡುತ್ತಾರೆ. ಇದನ್ನು ಶುರು ಮಾಡಿದ್ದು ನಾನು. "ಇದು ನಮ್ಮ ಕಡೆ ಆಗೂದಲ್ಲ" ಅಂದವರೇ ಜಾಸ್ತಿ. ಈಗ ಅವರಲ್ಲೂ ಕೆಲವರು ಬೆರಳು ಎತ್ತುತ್ತಿದ್ದಾರೆ. ಬೇರೆ ಘಟ್ಟದವರು ಹೇಗೆ ಮಾಡಿದ್ದು ಅಂತ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನನ್ನದು ಸ್ಪೇರ್ ಪಾರ್ಟ್ಸ್ ಲೈನ್. ಬ್ರೇಕ್ ಶೂ, ಕ್ಲಚ್ ಕೇಬಲ್, ಚೈನ್ ಸೆಟ್, ಬಲ್ಬ್ ಇಂಥದ್ದನ್ನು ಕುಮಟಾದಿಂದ ಶಿರಸಿಯವರೆಗಿನ ಗ್ಯಾರೇಜ್‌ಗಳಿಗೆ ಹಾಕುತ್ತೇನೆ. ಒಂದು ಕಡೆಗೆ ಸುಮಾರು 60 ಕಿ.ಮೀ. ಹಳೆ ಸ್ಪ್ಲೆಂಡರ್, ಎರಡೂ ಬದಿಗೆ ಚೀಲ. ಈ ಘಟ್ಟವನ್ನು ಮಳೆಯಲ್ಲಿ, ಮಂಜಿನಲ್ಲಿ, ರಸ್ತೆ ಅಗಲ ಮಾಡುವ ಕೆಲಸದ ಕೆಸರಿನಲ್ಲಿ, ಎಲ್ಲದರಲ್ಲೂ ಏರಿ ಇಳಿದಿದ್ದೇನೆ. ಘಟ್ಟದ ನಡುವೆ ಮೊಬೈಲ್ ಸಿಗ್ನಲ್ ಎಷ್ಟು ಸಿಗುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಮೇಲೆ ಮರ ಬಿದ್ದಿದೆಯೋ, ಲಾರಿ ಅಡ್ಡ ನಿಂತಿದೆಯೋ ಅಂತ ತಿಳಿದವನು ಒಬ್ಬನೇ. ಈಗಷ್ಟೇ ಅಲ್ಲಿಂದ ಇಳಿದು ಬರುತ್ತಿರುವ ಎದುರಿನ ಸವಾರ. ಅವನೇ ಮುಖ ನೋಡದೆ ಹೋದರೆ ಸುದ್ದಿ ಎಲ್ಲಿಂದ ಬರಬೇಕು?

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಗೋವಾ ಕಡೆ ಹೊರಟ ಬೆಂಗಳೂರಿನ ಬುಲೆಟ್ ಗುಂಪುಗಳು, ಲಡಾಖ್ ಸುತ್ತಿ ಬಂದ ಹುಡುಗರು ಎಡಗೈಯನ್ನು ಕೆಳಗೆ ಚಾಚಿ ಎರಡು ಬೆರಳು ತೋರಿಸುತ್ತಾರಲ್ಲ, ಅದು. ಒಂದು ಮಳೆಗಾಲ ಪೂರ್ತಿ ಮಾಡಿ ನೋಡಿದೆ. ಉತ್ತರ ಸಿಗುತ್ತಿದ್ದುದು ದೊಡ್ಡ ಬೈಕಿನವರಿಂದ ಮಾತ್ರ. ಅದೂ ಅವರಿಗೆ ನನ್ನ ಸ್ಪ್ಲೆಂಡರ್ ಕಂಡರೆ ಅರ್ಧಕ್ಕೆ ಅರ್ಧ ಕೈ ವಾಪಸ್ ಹೋಗುತ್ತಿತ್ತು. ಇದು ನನಗೆ ಸರಿ ಬರುವುದಿಲ್ಲ. ಮೀನಿನ ಬಾಕ್ಸ್ ಕಟ್ಟಿಕೊಂಡು ನಸುಕಿನಲ್ಲಿ ಘಟ್ಟ ಏರುವವನಿಗಿಂತ ದೊಡ್ಡ ಸವಾರ ಯಾರಿದ್ದಾರೆ? ಘಟ್ಟದಲ್ಲಿ ಸಿಸಿ ಲೆಕ್ಕ ಹಿಡಿದು ಮರ್ಯಾದೆ ಕೊಡುವುದು ತಪ್ಪು. ಈ ಮಾತನ್ನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ಆ ಪದ್ಧತಿ ನಮ್ಮ ರಸ್ತೆಗೆ ಹೊಂದುವುದೂ ಇಲ್ಲ. ಫ್ರಾನ್ಸ್‌ನಂಥ ದೇಶದಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಎದುರಿನವನು ಎಡಗೈ ಬದಿಗೆ ಹಾದು ಹೋಗುತ್ತಾನೆ. ಆಕ್ಸಿಲೇಟರ್ ಬಲಗೈಯಲ್ಲಿ, ಎಡಗೈ ಖಾಲಿ. ಕೆಳಗೆ ಚಾಚಿದರೂ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಓಡಿಸುವುದು ಎಡಗಡೆ. ಎದುರಿನವನು ಹಾದು ಹೋಗುವುದು ಬಲ ಬದಿಗೆ. ಆ ಕೈ ಆಕ್ಸಿಲೇಟರ್ ಮತ್ತು ಮುಂದಿನ ಬ್ರೇಕಿನ ಮೇಲೆ. ಎಡಗೈಯನ್ನು ಕೆಳಗೆ ಚಾಚಿದರೆ ಟ್ಯಾಂಕು, ಕಾಲು, ಚೀಲದ ಮರೆಯಲ್ಲಿ ಹೋಗಿಬಿಡುತ್ತದೆ. ನಮ್ಮ ಹಾಗೆ ಎಡಗಡೆ ಓಡಿಸುವ ಬ್ರಿಟನ್ನಿನಲ್ಲಿ ಸವಾರರು ಜಾಸ್ತಿ ತಲೆ ಬಗ್ಗಿಸುವುದೇ ಇದಕ್ಕೆ. ನಮ್ಮ ಹುಡುಗರು ವಿಡಿಯೋ ನೋಡಿ ಕಲಿತಿದ್ದು ಬೇರೆ ಬದಿಯ ರಸ್ತೆಯ ಅಭ್ಯಾಸ.

ಆಮೇಲೆ ಕೈಯನ್ನು ಭುಜದ ಮೇಲಕ್ಕೆ ಎತ್ತಿ ನೋಡಿದೆ. ಕಾಣಿಸಿತು. ಆದರೆ ಬೇರೆ ಕಷ್ಟಗಳು ಶುರುವಾದವು. ನಮ್ಮ ಕಡೆ ಕೈ ಎತ್ತಿದರೆ ಬಸ್ಸು ನಿಲ್ಲಿಸಿದ ಹಾಗೆ. ಗಾಡಿ ನಿಲ್ಲಿಸಿ "ಎಂತಾಯ್ತು, ಪೆಟ್ರೋಲ್ ಖಾಲಿಯಾ?" ಅಂತ ಕೇಳಿದವರು ಎಷ್ಟೋ ಮಂದಿ. ಒಬ್ಬರಂತೂ ತಿರುವಿನಾಚೆ ಹೋಗಿ, ಗಾಡಿ ತಿರುಗಿಸಿ, ಹಿಂದೆ ಬಂದು ಹಿಡಿದರು. "ಗುರ್ತು ಸಿಗಲಿಲ್ಲ, ಯಾವ ಊರಿನವರು ನೀವು?" ಅಂದರು. ಸುಮ್ನೆ ಮರ್ಯಾದೆಗೆ ಅಂದರೆ ನಂಬಲಿಲ್ಲ. ಗುರುತಿಲ್ಲದವನಿಗೆ ಯಾರಾದರೂ ಕೈ ಮಾಡುತ್ತಾರಾ ಅಂತ ಅವರ ಪ್ರಶ್ನೆ. ಮಳೆಗಾಲದಲ್ಲಿ ಕೈ ಎತ್ತಿದರೆ ರೇನ್‌ಕೋಟಿನ ತೋಳಿನೊಳಗೆ ನೀರು ಬಗಲಿನವರೆಗೆ ಇಳಿಯುತ್ತದೆ. ಇದು ಸಣ್ಣ ವಿಷಯ ಅನಿಸಬಹುದು. ಎರಡು ಗಂಟೆ ಒದ್ದೆಯಾಗಿ ಗಾಡಿ ಓಡಿಸಿ ನೋಡಿ, ಗೊತ್ತಾಗುತ್ತದೆ.

ದೊಡ್ಡ ಕಷ್ಟ ಎಡಗೈಯದ್ದೇ. ಶಿರಸಿ ಕಡೆಯ ಹಿರಿಯ ಭಟ್ರು ಒಬ್ಬರು ರಾಗಿಹೊಸಳ್ಳಿಯ ಚಹಾ ಅಂಗಡಿಯಲ್ಲಿ ಸಿಕ್ಕವರು ನೇರವಾಗಿ ಹೇಳಿದರು: "ನಾಯ್ಕರೆ, ನೀವು ಒಳ್ಳೆಯವರು. ಆದ್ರೆ ಎಡಗೈಲಿ ನಮಸ್ಕಾರ ಮಾಡೂದು ಯಾವ ಪದ್ಧತಿ?" ಅವರ ಮಾತಿನಲ್ಲಿ ಸತ್ಯ ಇತ್ತು. ಎಡಗೈಯಲ್ಲಿ ದುಡ್ಡು ಕೊಟ್ಟರೇ ಅಂಗಡಿಯವರು ಮುಖ ನೋಡುತ್ತಾರೆ. ಎದುರು ಬರುವವರು ನಮಗಿಂತ ಹಿರಿಯರೋ ಕಿರಿಯರೋ ಹೆಲ್ಮೆಟ್ ಒಳಗೆ ಗೊತ್ತಾಗುವುದೂ ಇಲ್ಲ. ಬಲಗೈ ಬಿಡುವ ಹಾಗಿಲ್ಲ, ಎಡಗೈ ಎತ್ತುವ ಹಾಗಿಲ್ಲ. ಇದಕ್ಕೆ ದಾರಿ ಹುಡುಕುವುದರಲ್ಲೇ ನನಗೆ ಜಾಸ್ತಿ ಸಮಯ ಹೋಯಿತು.

ಲೈಟ್ ಮತ್ತು ಹಾರನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪಾಸ್ ಲೈಟ್ ಹೊಡೆದರೆ ನಮ್ಮ ಜನ ಎರಡೇ ಅರ್ಥ ಮಾಡುತ್ತಾರೆ. ಒಂದು, ನಾನು ಬರುತ್ತಿದ್ದೇನೆ, ನೀನು ನಿಲ್ಲು. ಇನ್ನೊಂದು, ಮುಂದೆ ಪೊಲೀಸರಿದ್ದಾರೆ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತಲೇ ಇರುತ್ತದೆ. ಹಗಲಿನಲ್ಲಿ ಲೈಟ್ ಕಂಡರೆ ಏನೋ ವಿಶೇಷ ಅಂತ ಇದ್ದದ್ದೂ ಹೋಯಿತು. ಹಾರನ್ ಅಂತೂ ಘಟ್ಟದಲ್ಲಿ ತಿರುವಿಗೆ ಬೇಕಾದ ಸಾಮಾನು. ಅದನ್ನು ನಮಸ್ಕಾರಕ್ಕೆ ಖರ್ಚು ಮಾಡಿದರೆ ತಿರುವಿನಲ್ಲಿ ಅದರ ಬೆಲೆ ಹೋಗುತ್ತದೆ. ಎರಡನ್ನೂ ಬಿಟ್ಟೆ.

ದಾರಿ ಸಿಕ್ಕಿದ್ದು ಏರುವುದು, ಇಳಿಯುವುದು ಅಂತ ಬೇರೆ ಬೇರೆ ಮಾಡಿ ಯೋಚಿಸಿದಾಗ. ಇಕ್ಕಟ್ಟಿನ ಘಟ್ಟದಲ್ಲಿ ಏರುವ ಗಾಡಿಗೆ ಮೊದಲ ದಾರಿ, ಇಳಿಯುವವ ತಡೆದುಕೊಳ್ಳಬೇಕು. ಕಾನೂನೂ ಅದೇ, ನಮ್ಮ ಲಾರಿಯವರ ಹಳೆಯ ರೂಢಿಯೂ ಅದೇ. ಹಾಗಿದ್ದರೆ ದಾರಿ ಪಡೆದವನೇ ಮೊದಲು ಮರ್ಯಾದೆ ಕೊಡಬೇಕು, ಅಲ್ವಾ? ಗಾಡಿಯ ಕಡೆಯಿಂದ ನೋಡಿದರೂ ಅದೇ ಸರಿ ಬರುತ್ತದೆ. ಏರುವಾಗ ಬೈಕಿನವನಿಗೆ ಒಂದು ಗೇರಿನಲ್ಲಿ ಹಿಡಿದ ಮೇಲೆ ಕ್ಲಚ್ ಬೇಡ. ಸ್ಕೂಟರಿನವನಿಗೆ ಎಡಗೈ ಬ್ರೇಕ್ ಬೇಡ. ಇಬ್ಬರಿಗೂ ಎಡಗೈ ಬಿಡುವು. ಇಳಿಯುವಾಗ ಹಾಗಲ್ಲ. ಬೈಕಿನವನು ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಬರಬಹುದು. ಆಕ್ಟಿವಾದವರಿಗೆ ಗೇರ್ ಇಳಿಸುವ ಅನುಕೂಲ ಎಲ್ಲಿದೆ? ಪೂರ್ತಿ ಭಾರ ಬ್ರೇಕಿನ ಮೇಲೆ. 125 ಸಿಸಿ ಒಳಗಿನ ಹೊಸ ಗಾಡಿಗಳಲ್ಲಿ 2019ರಿಂದ ಎರಡೂ ಬ್ರೇಕ್ ಜೋಡಿಸಿ ಬರುತ್ತದೆ. ಸ್ಕೂಟರಿನಲ್ಲಿ ಆ ಜೋಡಿ ಬ್ರೇಕ್ ಇರುವುದು ಎಡಗೈಯಲ್ಲೇ. ಇಳಿಯುವ ಸ್ಕೂಟರಿನವರಿಂದ ಎಡಗೈ ಎತ್ತಿಸುವುದು ಅಂದರೆ ಅವರನ್ನು ಚರಂಡಿಗೆ ಕಳಿಸಿದ ಹಾಗೆ. ನಾನು ಬ್ರೇಕ್ ಶೂ ಮಾರುವವನು. ಮಳೆಗಾಲ ಮುಗಿದ ಮೇಲೆ ಸ್ಕೂಟರ್‌ಗಳ ಹಿಂದಿನ ಶೂ ಯಾವ ಸ್ಥಿತಿಯಲ್ಲಿ ಗ್ಯಾರೇಜಿಗೆ ಬರುತ್ತದೆ ಅಂತ ಕಣ್ಣಾರೆ ನೋಡುತ್ತೇನೆ.

ಅಲ್ಲಿಗೆ ನಿಯಮ ಸಿಕ್ಕಿತು. ಏರುವವ ಬೆರಳು, ಇಳಿಯುವವ ತಲೆ.

ಬೆರಳು ಅಂದರೆ ಕೈ ಎತ್ತುವುದಲ್ಲ. ಹೆಬ್ಬೆರಳು ಗ್ರಿಪ್ಪಿಗೆ ಸುತ್ತಿಕೊಂಡೇ ಇರಬೇಕು. ಅಂಗೈಯ ಬುಡ ಹ್ಯಾಂಡಲ್ ಮೇಲೇ ಕೂತಿರಬೇಕು. ನಾಲ್ಕು ಬೆರಳು ಮಾತ್ರ ನೆಟ್ಟಗೆ ಮೇಲೆ. ಹೊಂಡ ಬಂದರೂ ಹ್ಯಾಂಡಲ್ ತಪ್ಪುವುದಿಲ್ಲ. ಭಟ್ರ ಆಕ್ಷೇಪಕ್ಕೂ ಇದೇ ಉತ್ತರವಾಯಿತು. ಎಡಗೈ ಚಾಚಿ ನಮಸ್ಕಾರ ಮಾಡಿದ ಹಾಗೆ ಕಾಣುವುದಿಲ್ಲ, ಗಾಡಿಯೇ ಏನೋ ಹೇಳಿದ ಹಾಗೆ ಕಾಣುತ್ತದೆ. ಅವರಿಗೆ ಅಂಗಡಿಯ ಎದುರೇ ಗಾಡಿ ಮೇಲೆ ಕೂತು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದು ಅಡ್ಡಿಲ್ಲೆ" ಅಂದರು. ಹಿರಿಯರು ಅಂತ ಗೊತ್ತಾದರೆ ಬೆರಳಿನ ಮೊದಲು ನಾವೇ ತಲೆ ಬಗ್ಗಿಸುವುದು ಅಂತ ಅವರೇ ಒಂದು ಮಾತು ಸೇರಿಸಿದರು. ಅದನ್ನೂ ಇಟ್ಟುಕೊಂಡೆ.

ಉಳಿದಿದ್ದು ಕಾಣಿಸುವ ಪ್ರಶ್ನೆ. ಬರಿಗೈ ಬೆರಳು ಮಳೆಯಲ್ಲಿ, ಮರದ ನೆರಳಿನಲ್ಲಿ ಕಾಣುವುದೇ ಇಲ್ಲ. ಅಕ್ಕನ ಮಗನನ್ನು ಕತಗಾಲದ ಹತ್ತಿರದ ನೇರ ರಸ್ತೆಯಲ್ಲಿ ನಿಲ್ಲಿಸಿ ಲೈಟ್ ಕಂಬದ ಲೆಕ್ಕದಲ್ಲಿ ಪರೀಕ್ಷೆ ಮಾಡಿದೆ. ಬರಿಗೈ ಒಂದು ಕಂಬದ ಒಳಗೆ ಬಂದರೆ ಮಾತ್ರ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಗಾಡಿ ದಾಟಿರುತ್ತದೆ. ಹಾಗಾಗಿ ಗ್ಲೌಸ್ ಹಾಕಿದೆ. ಬಿಳಿ ಒಳ್ಳೆಯದೇ, ಆದರೆ ಎರಡು ದಿನಕ್ಕೆ ಕೆಸರಿನ ಬಣ್ಣ. ಕೆಂಪು ಹಗಲಿಗೆ ಚೆನ್ನಾಗಿ ಕಾಣುತ್ತದೆ, ಸಂಜೆಯಾದರೆ ಕಪ್ಪಾಗಿಬಿಡುತ್ತದೆ. ಹಸಿರು ನಮ್ಮ ಕಾಡಿನಲ್ಲಿ ಯಾರಿಗೆ ಕಾಣಬೇಕು? ಹಳದಿಯೇ ಗೆದ್ದಿತು. ಮೋಡ ಕವಿದ ಸಂಜೆಯಲ್ಲೂ ಎರಡೂವರೆ ಕಂಬ ದೂರದಿಂದ ಹುಡುಗ ಸರಿಯಾಗಿ ಹೇಳಿದ.

ಇಲ್ಲಿಂದ ದುಡ್ಡಿನ ಕಥೆ. ಮೊದಲು ತರಿಸಿದ್ದು ಅಂಗೈಗೆ ರಬ್ಬರ್ ಬಳಿದ ಹಳದಿ ಗ್ಲೌಸ್. ಜೋಡಿಗೆ 70 ರೂಪಾಯಿ ಹತ್ತಿರ ಬಿತ್ತು. ಒಂದು ಲಾಟಿಗೆ ನಾಲ್ಕು ಸಾವಿರದ ಮೇಲೆ ಹೋಯಿತು. ಎಡಗೈಯದ್ದು ಮಾತ್ರ ಬೇಕು, ಬಲಗೈಯದ್ದು ಸುಮ್ನೆ ಮನೆಯಲ್ಲಿ ಗೋಣಿಚೀಲದಲ್ಲಿ ಬಿದ್ದಿತು. ಹಾಕಿಕೊಂಡವರು ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಗೊತ್ತಾಗುವುದಿಲ್ಲ ಅಂದರು. ಬೇಸಿಗೆಯಲ್ಲಿ ಕೈ ಬೆವರಿ ವಾಸನೆ. ಹತ್ತರಲ್ಲಿ ಎಂಟು ಮಂದಿ ವಾರದೊಳಗೆ ಬಿಟ್ಟರು. ಸ್ಟಿಕರ್ ಮಾಡಿಸೋಣ ಅಂತ ಇನ್ನೊಂದು ಸಾವಿರದ ಐನೂರೋ ಏನೋ ಹಾಕಿದೆ. ಮಡ್‌ಗಾರ್ಡಿನ ಮೇಲೆ ಅಂಟಿಸಿದ ಸ್ಟಿಕರ್ ಎದುರಿನಿಂದ ಬರುವವನಿಗೆ ಓದಲು ಬರುತ್ತದಾ? ಬರಲಿಲ್ಲ. ರಿಫ್ಲೆಕ್ಟರ್ ಟೇಪ್ ಕತ್ತರಿಸಿ ಬೆರಳಿನ ಹಿಂದೆ ಅಂಟಿಸಿದ್ದೂ ಇದೆ. ರಾತ್ರಿ ಬೆಂಕಿಯ ಹಾಗೆ ಹೊಳೆಯುತ್ತಿತ್ತು, ನಮ್ಮ ಮಳೆಗೆ ಒಂದು ವಾರ ತಡೆಯಲಿಲ್ಲ. ನಾನು ಮಾಲು ತರುವ ಹೋಲ್‌ಸೇಲಿನವರಲ್ಲಿ ಸ್ವಲ್ಪ ಸಹಾಯ ಕೇಳಿದೆ. ಹೆಲ್ಮೆಟ್ ಮಾರಾಟ ಜಾಸ್ತಿ ಮಾಡಿ ಕೊಡು, ಆಮೇಲೆ ನೋಡೋಣ ಅಂದರು. ಮನೆಯಲ್ಲಿ ನನ್ನ ಹೆಂಡತಿ ಗೋಣಿಚೀಲ ತೋರಿಸಿ, "ಈ ಬಲಗೈಗೆಲ್ಲ ಎಂತ ಮಾಡ್ತ್ರಿ?" ಅಂತ ಕೇಳಿದಳು. ಕೊನೆಗೆ ಅವಳೇ ಅದನ್ನು ಗೇರು ಹಣ್ಣು ಹೆಕ್ಕುವ ಹೆಂಗಸರಿಗೆ ಹಂಚಿದಳು.

ಸರಿಹೋಗಿದ್ದು ನೂಲಿನ ಗ್ಲೌಸ್‌ನಿಂದ. ಲೋಡಿಂಗ್‌ನವರು, ಸೆಂಟ್ರಿಂಗ್‌ನವರು ಹಾಕುವ ಹೆಣೆದ ಗ್ಲೌಸ್ ನೋಡಿದ್ದೀರಲ್ಲ, ಅದಕ್ಕೆ ಎಡ ಬಲ ಅಂತ ಇಲ್ಲ. ಯಾವ ಕೈಗೆ ಬೇಕಾದರೂ ಬರುತ್ತದೆ. ಜೋಡಿಗೆ 20–25 ರೂಪಾಯಿ. ಒಂದು ಜೋಡಿ ಇಬ್ಬರಿಗೆ. ತಲೆಗೆ ಹತ್ತು ಹನ್ನೆರಡು ರೂಪಾಯಿಯಲ್ಲಿ ಮುಗಿಯಿತು. ಕ್ಲಚ್ ಹಿಡಿತ ಸರಿಯಾಗಿ ಗೊತ್ತಾಗುತ್ತದೆ, ಒದ್ದೆಯಾದರೆ ಹಿಂಡಿ ಮತ್ತೆ ಹಾಕಬಹುದು. ಬಿಳಿ ಗ್ಲೌಸ್ ತಂದು ಹಳದಿ ಬಣ್ಣ ಹಾಕುವುದು ನಾನೇ. ಆ ಬಣ್ಣ ಎಲ್ಲಿಂದ ತರುತ್ತೇನೆ, ಮಳೆಗೆ ಬಿಡದ ಹಾಗೆ ಏನು ಸೇರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ನನ್ನ ಹತ್ತಿರ ಇರಲಿ. ಅರಿಶಿನ ಅಂದುಕೊಂಡು ಮಾಡಲು ಹೋಗಬೇಡಿ, ಬಿಸಿಲಿಗೆ ನಾಲ್ಕು ದಿನವೂ ನಿಲ್ಲುವುದಿಲ್ಲ.

ಯಾರಿಗೆ ಕೊಟ್ಟೆ ಅನ್ನುವುದು ಮುಖ್ಯ. ಕಂಡವರಿಗೆಲ್ಲ ಹಂಚಿದರೆ ಕೆಲಸ ಕೆಡುತ್ತದೆ. ಮೊದಲು ಕೊಟ್ಟಿದ್ದು ಮೀನಿನವರಿಗೆ. ಕುಮಟಾದಿಂದ ಶಿರಸಿ ಕಡೆ ದಿನಾ ಏರುತ್ತಾರೆ, ಹೊತ್ತು ತಪ್ಪುವುದಿಲ್ಲ, ದಾರಿಯಲ್ಲಿ ಎಲ್ಲರಿಗೂ ಅವರ ಗುರುತು. ಅವರು ಬೆರಳು ಎತ್ತಿದರೆ ಉತ್ತರ ಕೊಡದವರು ಕಡಿಮೆ. ಆಮೇಲೆ ಗ್ಯಾರೇಜ್‌ಗಳು. ಘಟ್ಟದ ಕೆಳಗೆ ಮೂರು, ಮೇಲೆ ಮೂರು. ಹಿಂದಿನ ಬ್ರೇಕ್ ಶೂ ಹಾಕಿಸಿದವರಿಗೆ ಒಂದು ಗ್ಲೌಸ್ ಫ್ರೀ. ಬ್ರೇಕ್ ಶೂ ಸವೆಯುವುದು ಘಟ್ಟದಲ್ಲಿ ಓಡಾಡುವವರದ್ದೇ, ಹಾಗಾಗಿ ಗ್ಲೌಸ್ ಸರಿಯಾದ ಕೈಗೇ ಹೋಗುತ್ತದೆ. ಇದು ನನ್ನ ತಲೆಯಿಂದ ಬಂದ ಉಪಾಯ, ಹೇಳಿಕೊಳ್ಳಲು ಸಂಕೋಚವಿಲ್ಲ. ಶೂ ಮಾರಾಟವೂ ಸ್ವಲ್ಪ ಏರಿತು. ಆದರೂ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂದಿಲ್ಲ. ಒಟ್ಟು ಹನ್ನೊಂದು ಹನ್ನೆರಡು ಸಾವಿರ ಖರ್ಚಾಗಿರಬೇಕು, ಚಹಾದ ಲೆಕ್ಕ ಬಿಟ್ಟು.

ಆ ಗ್ಯಾರೇಜ್‌ಗಳಲ್ಲಿ ಶಿರಸಿಯ ಒಬ್ಬ ಮೇಸ್ತ್ರಿ ಗ್ಲೌಸನ್ನು ಮೊಳೆಗೆ ಸಿಕ್ಕಿಸಿ ಇಟ್ಟ, ಯಾರಿಗೂ ಕೊಡಲಿಲ್ಲ. "ನಾಯ್ಕರೆ, ನನಗೆ ಬಿಲ್ ಬಾಕಿ ಇಟ್ಟವ ಎದುರು ಬಂದ್ರೆ ಹೆಲ್ಮೆಟ್ ಗ್ಲಾಸ್ ಇಳಿಸ್ಕಂಡು ಹೋಗ್ತಾ. ಇನ್ನು ಗುರ್ತಿಲ್ಲದವ ಬೆರಳು ಎತ್ತೂದು ಹೌದನಾ?" ಅಂದ. ಮಾತಿಗೆ ಮಾತು ಬೆಳೆಸಲಿಲ್ಲ. ಮುಂದಿನ ಸಲ ಮಾಲು ಹಾಕುವಾಗ ಮತ್ತೆರಡು ಗ್ಲೌಸ್ ಅದೇ ಮೊಳೆಗೆ ಸಿಕ್ಕಿಸಿ ಬಂದೆ.

ಈಗ ಕೆಟ್ಟ ಸುದ್ದಿಯ ವಿಷಯ. ಬರೀ ನಮಸ್ಕಾರ ಆಗಿದ್ದರೆ ಇದು ಎರಡು ತಿಂಗಳಲ್ಲಿ ಸಾಯುತ್ತಿತ್ತು ಅಂತ ನನಗೆ ಖಾತ್ರಿ. ಸುದ್ದಿ ಸೇರಿಕೊಂಡಿದ್ದರಿಂದ ಬದುಕಿತು. ಏರುವವನಿಗೆ ಸುಲಭ. ಕೆಳಗೆ ತೊಂದರೆ ಇದ್ದರೆ ಬೆರಳಿನ ಬದಲು ಮುಷ್ಟಿ. ಇಳಿಯುವವನು ಕೈ ಬಿಡುವ ಹಾಗಿಲ್ಲ. ತಲೆ ಬಗ್ಗಿಸಿದರೆ ರಸ್ತೆ ಸರಿ ಇದೆ ಅಂತ. ಸರಿ ಇಲ್ಲ ಅನ್ನುವುದಕ್ಕೆ ತಲೆ ಅಡ್ಡ ಆಡಿಸುವುದು ಅಂತ ಮೊದಲು ಹೇಳಿದ್ದೆವು. ನಮ್ಮ ಜನರ ತಲೆ ಹೂಂ ಅನ್ನುವುದಕ್ಕೂ ಅಡ್ಡವೇ ಆಡುತ್ತದೆ! ಹೆಲ್ಮೆಟ್ ಒಳಗೆ ಇನ್ನೂ ಗೊತ್ತಾಗುವುದಿಲ್ಲ. ತೊಂದರೆ ಇದೆ ಅಂತ ಒಬ್ಬ ತಲೆ ಆಡಿಸಿದರೆ, ಇನ್ನೊಬ್ಬ ಎಲ್ಲ ಸರಿ ಇದೆ ಅಂತ ಜೋರಾಗಿ ಹೋದ. ಅದನ್ನು ತಕ್ಷಣ ನಿಲ್ಲಿಸಿದೆವು.

ಮತ್ತೆ ಎಡಗಾಲು ಹೊರಗೆ ಚಾಚುವುದು ಅಂತ ಮಾಡಿದೆವು. ಗುಂಪಿನಲ್ಲಿ ಹೋಗುವವರು ಹೊಂಡ ತೋರಿಸಲು ಕಾಲು ಚಾಚುತ್ತಾರೆ. ಫ್ರಾನ್ಸ್‌ನಲ್ಲಿ ದಾರಿ ಬಿಟ್ಟ ಕಾರಿಗೆ ಸವಾರರು ಕಾಲು ಚಾಚಿಯೇ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮಲ್ಲಿ ಕಾಲು ತೋರಿಸುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕತಗಾಲದ ಹತ್ತಿರ ಒಂದು ಸಲ ಜಗಳಕ್ಕೇ ಬಂದಿತು. ಹಳೇ ಬುಲೆಟ್ ಇಟ್ಟುಕೊಂಡ ಹಿರಿಯರೊಬ್ಬರು ಇನ್ನೊಂದು ವಿಷಯ ಹೇಳಿದರು. ಅವರ ಗಾಡಿಗೆ ಗೇರ್ ಬಲಕ್ಕೆ, ಹಿಂದಿನ ಬ್ರೇಕ್ ಎಡಗಾಲಿಗೆ. ಇಳಿಯುವಾಗ ಎಡಗಾಲು ಎತ್ತಿದರೆ ಅವರ ಕಥೆ ಏನು?

ಇದನ್ನು ಬಿಡಿಸಿದ್ದು ಒಬ್ಬ ಅಕ್ಕೋರು, ಅಂದರೆ ಶಾಲೆಯ ಟೀಚರ್. ಕುಮಟಾ ಕಡೆಯಿಂದ ಘಟ್ಟದ ಮೇಲಿನ ಶಾಲೆಗೆ ಆಕ್ಟಿವಾದಲ್ಲಿ ಹೋಗಿ ಬರುತ್ತಾರೆ. ನಾನು ಗ್ಲೌಸ್ ಕೊಡಲು ಹೋದಾಗ ಮೊದಲು ತೆಗೆದುಕೊಳ್ಳಲಿಲ್ಲ. "ನಾಯ್ಕರೆ, ದಿನಾ ಘಟ್ಟದಲ್ಲಿ ಗಂಡಸರು ಕೈ ಎತ್ತಿದ್ರೆ ನಾನು ಯಾಕೆ ಉತ್ತರ ಕೊಡಬೇಕು? ಒಬ್ಬಳೇ ಹೋಗುವವಳು. ಇವತ್ತು ಉತ್ತರ ಕೊಟ್ರೆ ನಾಳೆ ಹಿಂದೆ ಬರೂದಿಲ್ಲ ಅಂತ ಯಾರು ಹೇಳ್ತಾರೆ?" ಅಂದರು. ನ್ಯಾಯದ ಮಾತು. ಅವತ್ತಿನಿಂದ ಒಂದು ನಿಯಮ ಗಟ್ಟಿ ಮಾಡಿದೆವು. ಹೆಂಗಸರು ಎದುರಾದರೆ ಬರೀ ರಸ್ತೆಯ ಸುದ್ದಿ. ಅದೂ ಗ್ಲೌಸ್ ಹಾಕಿದ ಕೈಯಿಂದ ಮಾತ್ರ. ತಿರುಗಿ ನೋಡುವ ಹಾಗಿಲ್ಲ, ನಿಧಾನ ಮಾಡುವ ಹಾಗಿಲ್ಲ, ಉತ್ತರ ಬರಲಿಲ್ಲ ಅಂತ ಬೇಸರ ಮಾಡುವ ಹಾಗಿಲ್ಲ. ಇದನ್ನು ಮೀರಿದ ಇಬ್ಬರು ಹುಡುಗರಿಂದ ಗ್ಲೌಸ್ ವಾಪಸ್ ಇಸಿದುಕೊಂಡಿದ್ದೇನೆ. ಗ್ಲೌಸ್ ಇದ್ದರೆ ಅದು ಆ ಮನುಷ್ಯನ ನಮಸ್ಕಾರ ಅಲ್ಲ, ಘಟ್ಟದ ಕೆಲಸ ಅಂತ ಆಯಿತು. ಹಾಗಾದ ಮೇಲೆ ಅಕ್ಕೋರು ತಾವಾಗಿಯೇ ಗ್ಲೌಸ್ ಕೇಳಿ ತೆಗೆದುಕೊಂಡರು. ಈಗ ಅವರ ಜೊತೆ ಇನ್ನೂ ಐದಾರು ಮಂದಿ ಹೆಂಗಸರು ಹಾಕುತ್ತಾರೆ.

ಕಾಲಿನ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಸೀರೆ ಉಟ್ಟವರು ಕಾಲು ಚಾಚೂದು ಹ್ಯಾಂಗೆ? ಎಡ ಇಂಡಿಕೇಟರ್ ಹಾಕಿದ್ರೆ ಆಗೂದಿಲ್ವಾ?" ಆಗುತ್ತದೆ. ಸ್ವಿಚ್ ಎಡ ಹೆಬ್ಬೆರಳಿನಲ್ಲೇ ಇದೆ, ಕೈ ಬಿಡಬೇಕಾಗಿಲ್ಲ. ಮಂಜಿನಲ್ಲಿ ಬೇರೆ ಎಲ್ಲದಕ್ಕಿಂತ ಚೆನ್ನಾಗಿ ಕಾಣುತ್ತದೆ. ಗೊತ್ತಿಲ್ಲದವರು ನೋಡಿದರೂ ಈತ ಬದಿಗೆ ನಿಲ್ಲಿಸುತ್ತಾನೆ ಅಂದುಕೊಂಡು ನಿಧಾನ ಮಾಡುತ್ತಾರೆ, ಅದರಿಂದ ನಷ್ಟವಿಲ್ಲ. ಬಲ ಇಂಡಿಕೇಟರ್ ಬೇಡ. ಅದನ್ನು ಲಾರಿಯವರು ಹಿಂದಿನವರಿಗೆ ದಾರಿ ಕೊಡಲು ಹಾಕುತ್ತಾರೆ, ಗೊಂದಲ. ಇಂಡಿಕೇಟರ್ ಹಾಕಿಕೊಂಡು ಇಳಿದವರು ಕತಗಾಲ ಬಂದ ಮೇಲೆ ಆಫ್ ಮಾಡುವುದನ್ನು ಮರೆಯುತ್ತಾರೆ. ಅದೊಂದು ತಕರಾರು ಇನ್ನೂ ಇದೆ.

ಪೊಲೀಸ್ ಸುದ್ದಿ ಮಾತ್ರ ಸೇರಿಸಲಿಲ್ಲ. ಗ್ಯಾರೇಜ್ ಹುಡುಗರು ಬಹಳ ಒತ್ತಾಯ ಮಾಡಿದರು. ಹೆಲ್ಮೆಟ್ ತಟ್ಟಿ ತೋರಿಸಿದರೆ ಮುಂದೆ ಚೆಕಿಂಗ್ ಇದೆ ಅಂತ ಇಡೋಣ, ಐನೂರು ರೂಪಾಯಿ ದಂಡ ಉಳಿಯುತ್ತದೆ ಅಂದರು. ನಾನು ಬಗ್ಗಲಿಲ್ಲ. ಹೆಲ್ಮೆಟ್ ಹಾಕಿದವನಿಗೆ ಆ ಸುದ್ದಿ ಬೇಡ. ಹಾಕದವನ ತಲೆ ಉಳಿಯಬೇಕು ಅಂತಲೇ ನಾವು ಇಷ್ಟೆಲ್ಲ ಮಾಡುತ್ತಿರುವುದು. ಒಂದು ಸಲ ಪೊಲೀಸ್ ಸುದ್ದಿ ಶುರುವಾದರೆ ಉಳಿದ ಸುದ್ದಿಗೆ ಬೆಲೆ ಇರುವುದಿಲ್ಲ.

ತಿರುವಿನಲ್ಲಿ ಯಾವುದೂ ಇಲ್ಲ. ಬೆರಳೂ ಇಲ್ಲ, ತಲೆಯೂ ಇಲ್ಲ. ನೇರ ರಸ್ತೆಯಲ್ಲಿ, ಎರಡು ಕಂಬ ದೂರ ಇರುವಾಗಲೇ ಮುಗಿಯಬೇಕು. ತಲೆ ಬಗ್ಗಿಸುವುದಕ್ಕೂ ಒಂದು ಲೆಕ್ಕ ಇದೆ. ಗದ್ದ ಎದೆಗೆ ತಾಗುವಷ್ಟು ಬಗ್ಗಿಸಿದರೆ ಕಣ್ಣು ರಸ್ತೆ ಬಿಡುತ್ತದೆ. ಫುಲ್ ಹೆಲ್ಮೆಟ್ ಇದ್ದರೆ ಕೆಳಗಲ್ಲ, ಗದ್ದ ಸ್ವಲ್ಪ ಮೇಲೆತ್ತಿ ಇಳಿಸಿದರೆ ಜಾಸ್ತಿ ಕಾಣುತ್ತದೆ. ಹಾಫ್ ಹೆಲ್ಮೆಟಿಗೆ ಕೆಳಗೆ ಬಗ್ಗಿಸುವುದೇ ಸರಿ.

2024ರ ಮಳೆಗಾಲ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮರೆಯುವಂಥದ್ದಲ್ಲ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಆಗಸ್ಟ್ 6ರ ಮಧ್ಯರಾತ್ರಿ ಕಳೆದು 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆಮೇಲೆ ಜನರಿಗೆ ಎದುರಿನಿಂದ ಬರುವವನ ಮುಖ ನೋಡುವ ಅಭ್ಯಾಸ ತಾನಾಗಿಯೇ ಬಂತು. ಮುಂದೆ ರಸ್ತೆ ಇದೆಯಾ ಅಂತ ಎಲ್ಲರ ಕಣ್ಣಲ್ಲೂ ಪ್ರಶ್ನೆ. ನನ್ನ ಹಳದಿ ಗ್ಲೌಸ್ ಹಿಡಿದದ್ದು ಅದರ ನಂತರವೇ.

ಮೇಸ್ತ್ರಿಯ ವಿಷಯ ಹೇಳಿಬಿಡುತ್ತೇನೆ. ಮರುವರ್ಷ ಮೊದಲ ಮಳೆ ಬಿದ್ದ ವಾರ. ಅವನು ಕುಮಟಾದಲ್ಲಿ ಮೀನು ತೆಗೆದುಕೊಂಡು ಸಂಜೆ ಘಟ್ಟ ಏರುತ್ತಿದ್ದ. ಇಳಿದು ಬಂದ ಮೊದಲ ಬೈಕಿಗೆ ಎಡ ಇಂಡಿಕೇಟರ್. ಎರಡನೆಯದಕ್ಕೂ. ಮೂರನೆಯದು ಅಕ್ಕೋರ ಸ್ಕೂಟರ್, ಅದಕ್ಕೂ. ಅವನಿಗೆ ಸಂಶಯ ಬಂತು, ಗೇರ್ ಇಳಿಸಿ ನಿಧಾನ ಮಾಡಿದ. ಮುಂದಿನ ತಿರುವಿನಲ್ಲಿ ಲಾರಿಯಿಂದ ಡೀಸೆಲ್ ಚೆಲ್ಲಿ ಮಳೆನೀರಿನ ಜೊತೆ ಇಡೀ ರಸ್ತೆಗೆ ಹರಡಿತ್ತು. ಒಂದು ಕಾರು ಆಗಲೇ ಚರಂಡಿಗೆ ಜಾರಿ ನಿಂತಿತ್ತು. ಇವನು ಕಾಲು ಕೊಟ್ಟುಕೊಂಡು ದಾಟಿದ. ಮುಂದಿನ ಸಲ ನಾನು ಗ್ಯಾರೇಜಿಗೆ ಹೋದಾಗ ಮೊಳೆ ಖಾಲಿ. "ಇನ್ನೊಂದು ಡಜನ್ ಕೊಟ್ಟು ಹೋಗಿ ನಾಯ್ಕರೆ, ದುಡ್ಡು ನಾನೇ ಕೊಡ್ತೆ" ಅಂದ. ಕೊಟ್ಟ ಕೂಡ. ಅವನ ಕೈಯಿಂದ ಮುಂಗಡ ಬಂದಿದ್ದು ಅದೇ ಮೊದಲು.

ಕರಾವಳಿಯ 66ನೇ ಹೆದ್ದಾರಿಯಲ್ಲಿ ಇದು ನಡೆಯುವುದಿಲ್ಲ. ಪ್ರಯತ್ನ ಮಾಡಿ ನೋಡಿದ್ದೇನೆ. ನಾಲ್ಕು ಪಥ ಆದ ಕಡೆ ಎದುರಿನವನು ಡಿವೈಡರ್ ಆಚೆ ಇರುತ್ತಾನೆ, ವೇಗವೂ ಜಾಸ್ತಿ. ಅಲ್ಲಿ ನಮಸ್ಕಾರಕ್ಕೆ ಅರ್ಥವಿಲ್ಲ. ಒಂದೇ ಜಾಗದಲ್ಲಿ ಸ್ವಲ್ಪ ನಡೆಯಿತು. ಹಳೆ ಸೇತುವೆ ಬಿದ್ದ ಮೇಲೆ ಕಾಳಿಯ ಹೊಸ ಸೇತುವೆಯ ಮೇಲೇ ಎರಡೂ ಕಡೆಯ ಗಾಡಿ ಬಿಟ್ಟರು. ಕಾರವಾರದಿಂದ ಸದಾಶಿವಗಡಕ್ಕೆ ಹೋಗಿ ಬರುವವರು ಅಲ್ಲಿ ಮುಖಾಮುಖಿ ಸಿಗುತ್ತಾರೆ. ಕಾರವಾರಕ್ಕೆ ಕೆಲಸದ ಮೇಲೆ ಹೋದಾಗಲೆಲ್ಲ ಬೆರಳು ಎತ್ತಿ ನೋಡಿದೆ. ಊರಿನವರು ತಲೆ ಬಗ್ಗಿಸಿದರು. ಗೋವಾದ ಬಾಡಿಗೆ ಸ್ಕೂಟರಿನ ಹುಡುಗರು, ಕಪ್ಪು ಪ್ಲೇಟಿಗೆ ಹಳದಿ ಅಕ್ಷರದವರು, ಖುಷಿಯಾಗಿ ಇಡೀ ಕೈ ಎತ್ತಿ ಬೀಸಿದರು. ಸೇತುವೆ ಮೇಲೆ ಸಮುದ್ರದ ಗಾಳಿ ಅಡ್ಡ ಹೊಡೆಯುತ್ತದೆ. ಒಬ್ಬನ ಗಾಡಿ ಎಷ್ಟು ಅಲುಗಾಡಿತು ಅಂದರೆ ನನ್ನ ಎದೆ ಝಲ್ ಅಂದಿತು. ಅಲ್ಲಿಗೆ ಬಿಟ್ಟೆ. ಪ್ರವಾಸಿಗರು ಎದುರಾದರೆ ನಾನು ಮೊದಲಾಗಿ ಏನೂ ಮಾಡುವುದಿಲ್ಲ. ಅವರು ಮಾಡಿದರೆ ತಲೆ ಬಗ್ಗಿಸುತ್ತೇನೆ.

ಯಲ್ಲಾಪುರ ಕಡೆಯ ಅರಬೈಲ್ ಘಟ್ಟಕ್ಕೆ ಬೇಕು ಅಂತ ಅಂಕೋಲಾದ ಇಬ್ಬರು ಗ್ಯಾರೇಜಿನವರು ಕೇಳಿದ್ದಾರೆ. ಅದು ಲಾರಿಗಳ ಘಟ್ಟ, ಲೆಕ್ಕ ಬೇರೆ ಆಗುತ್ತದೆ. ಲಾರಿಯ ಮರೆಯಿಂದ ಬೈಕಿನವನ ಬೆರಳು ಎರಡು ಕಂಬ ದೂರಕ್ಕೆ ಕಾಣುವುದಿಲ್ಲ. ಅಲ್ಲಿ ಕ್ಲೀನರ್ ಹುಡುಗರಿಗೂ ಗ್ಲೌಸ್ ಕೊಟ್ಟು ಎಡಗಡೆ ಕಿಟಕಿಯಿಂದ ಕೈ ಹೊರಗೆ ಹಾಕಿಸಬೇಕು ಅಂತ ನನ್ನ ಲೆಕ್ಕ. ಐವತ್ತು ಜೋಡಿ ಬಿಳಿ ಗ್ಲೌಸ್ ತಂದಿಟ್ಟಿದ್ದೇನೆ, ಈ ಸಲ ಜೋಡಿಗೆ ಎರಡು ರೂಪಾಯಿ ಜಾಸ್ತಿ ಹೇಳಿದರು. ಮಳೆ ಶುರುವಾಗುವ ಮೊದಲು ಬಣ್ಣ ಹಾಕಿ ಒಣಗಿಸಿ ಮುಗಿಸಬೇಕು. ದೇ‌ವಿಮನೆ ಘಟ್ಟದಲ್ಲಿ ಓಡಾಡುವವರು ಹಳೆಯದು ಹರಿದಿದ್ದರೆ ಕತಗಾಲದ ಗ್ಯಾರೇಜಿನಲ್ಲಿ ಕೇಳಿ, ಹರಿದದ್ದು ಕೊಟ್ಟರೆ ಹೊಸದು ಕೊಡುತ್ತಾರೆ.